1050 ಟಿಐ ತೆಗೆದು ಆರ್‌ಎಕ್ಸ್ 7600 ಹಾಕಬೇಕು: ಡ್ರೈವರ್ ಮೊದಲೋ, ಕಾರ್ಡ್ ಮೊದಲೋ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಈಗಿರುವ ಸಿಸ್ಟಮ್ ಹೀಗಿದೆ: ಇಂಟೆಲ್ ಐ5-9400ಎಫ್, ಬಿ365 ಚಿಪ್‌ಸೆಟ್ಟಿನ ಮದರ್‌ಬೋರ್ಡ್, 16 ಜಿಬಿ ರ್‍ಯಾಮ್, ಎನ್ವಿಡಿಯಾ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, 450 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ವಿಂಡೋಸ್ 11 ಇದೆ, ಇನ್ನೊಂದು ಎಸ್‌ಎಸ್‌ಡಿಯಲ್ಲಿ ಉಬುಂಟು 24.04 ಇದೆ. ಎರಡು ಫ್ಯಾನಿನ ಎಎಂಡಿ ಆರ್‌ಎಕ್ಸ್ 7600 ಬಂದಿದೆ, ಇನ್ನೂ ಡಬ್ಬದಲ್ಲೇ ಇದೆ.

9400ಎಫ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಹೀಗಿರುವಾಗ ಎನ್ವಿಡಿಯಾ ಡ್ರೈವರ್ ತೆಗೆದುಬಿಟ್ಟರೆ ಪರದೆ ಕಪ್ಪಾಗಿ ಕೂತುಬಿಡುತ್ತದೆಯೇ? ಎಎಂಡಿ ಡ್ರೈವರನ್ನು ಹಳೆ ಕಾರ್ಡ್ ಇರುವಾಗಲೇ ಹಾಕಿಟ್ಟುಕೊಳ್ಳಬಹುದೇ? ಡಿಡಿಯು (ಹಳೆ ಡ್ರೈವರನ್ನು ಬೇರುಸಹಿತ ತೆಗೆಯುವ ಸಾಫ್ಟ್‌ವೇರ್) ಬಳಸಲೇಬೇಕು ಅಂತ ಕೆಲವರು, ಬೇಡವೇ ಬೇಡ ಅಂತ ಕೆಲವರು ಹೇಳುತ್ತಾರೆ. ಇನ್ನೊಂದು ವಿಷಯ, ಹೊಸ ಕಾರ್ಡಿನ ತಲೆಯ ಮೇಲೆ 8 ಪಿನ್ನಿನ ಪವರ್ ಸಾಕೆಟ್ ಇದೆ. ಹಳೆಯದಕ್ಕೆ ಪವರ್ ವೈರೇ ಇರಲಿಲ್ಲ. ಸಾಟಾ ವೈರಿನಿಂದ 8 ಪಿನ್ ಮಾಡುವ ಅಡಾಪ್ಟರ್ ಸಿಗುತ್ತದಂತೆ, ಅದು ಸಾಕಾಗುತ್ತದೆಯೇ? ಮಾನಿಟರ್ ಈಗ ಡಿವಿಐ ಕೇಬಲ್‌ನಲ್ಲಿದೆ, 1920×1080, 60 ಹರ್ಟ್ಜ್.

ಬೆಸುಗೆಕಡ್ಡಿ:

ಡ್ರೈವರ್ ಆಮೇಲೆ ನೋಡೋಣ, ಮೊದಲು ಆ ಅಡಾಪ್ಟರಿನ ಆಸೆ ಬಿಟ್ಟುಬಿಡಿ. ಲೆಕ್ಕ ನೋಡಿ. ಸಾಟಾ ಪವರ್ ಕನೆಕ್ಟರಿನಲ್ಲಿ 12 ವೋಲ್ಟಿಗೆ ಇರುವುದು ಮೂರು ಪಿನ್, ಒಂದೊಂದಕ್ಕೆ 1.5 ಆಂಪಿಯರ್. ಒಟ್ಟು 4.5 ಆಂಪಿಯರ್, ಅಂದರೆ 54 ವ್ಯಾಟ್. 8 ಪಿನ್ ಸಾಕೆಟ್ಟಿನಿಂದ ಕಾರ್ಡ್ 150 ವ್ಯಾಟ್‌ವರೆಗೆ ಎಳೆಯಬಹುದು. ಆ ತೆಳು ಪಿನ್‌ಗಳು ಬಿಸಿಯಾಗಿ ಸುತ್ತಲಿನ ಪ್ಲಾಸ್ಟಿಕ್ ಕರಗುತ್ತದೆ. ಮೊದಲ ದಿನವೇ ಆಗಬೇಕೆಂದಿಲ್ಲ, ಅದೇ ಅಪಾಯ. ಎರಡು ಮೂರು ವಾರ ಸರಿಯಾಗಿ ಓಡಿ, ಒಂದು ದಿನ ಸುಟ್ಟ ವಾಸನೆ ಬರುತ್ತದೆ.

ನಿಮ್ಮ 1050 ಟಿಐ 75 ವ್ಯಾಟಿನ ಕಾರ್ಡ್. ಮದರ್‌ಬೋರ್ಡಿನ ಸ್ಲಾಟ್ ಕೊಡುವುದೂ 75 ವ್ಯಾಟೇ, ಹಾಗಾಗಿ ಬೇರೆ ವೈರ್ ಬೇಕಾಗಿರಲಿಲ್ಲ. ಆರ್‌ಎಕ್ಸ್ 7600 ಪೂರ್ತಿ ದುಡಿಯುವಾಗ 165 ವ್ಯಾಟ್. ಅದಕ್ಕೆ ಎಸ್‌ಎಂಪಿಎಸ್‌ನಿಂದಲೇ ಬರುವ 6+2 ಪಿನ್ನಿನ ವೈರ್ ಬೇಕು. ಈಗಲೇ ಕ್ಯಾಬಿನೆಟ್ ಬಿಚ್ಚಿ ಹುಡುಕಿ. ಅಸೆಂಬಲ್ ಮಾಡಿದವರು ಅದನ್ನು ಕೇಬಲ್ ಟೈ ಹಾಕಿ ಹಾರ್ಡ್‌ಡಿಸ್ಕ್ ಗೂಡಿನ ಹಿಂದೆ ಮಡಚಿ ತುರುಕಿರುತ್ತಾರೆ. ಪ್ರೊಸೆಸರಿಗೆ ಹೋಗುವ 4+4 ವೈರ್ ಕೂಡ 8 ಪಿನ್ನೇ, ನೋಡಲು ಒಂದೇ ಥರ. ಅದರಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲಾಗಿರುತ್ತವೆ. ಪಿನ್ನುಗಳ ಆಕಾರ ಬೇರೆಯಾಗಿರುವುದರಿಂದ ಸುಲಭಕ್ಕೆ ಕೂರುವುದಿಲ್ಲ, ಬಲ ಹಾಕಿ ಕೂರಿಸಿದವರ ಕಾರ್ಡ್ ಉಳಿಯುವುದಿಲ್ಲ. ಮಾಡ್ಯುಲರ್ (ವೈರ್ ಕಿತ್ತು ಹಾಕಬಹುದಾದ) ಎಸ್‌ಎಂಪಿಎಸ್ ಆಗಿದ್ದರೆ ಬೇರೆ ಕಂಪನಿಯ ವೈರ್ ತಂದು ಚುಚ್ಚಬೇಡಿ. ಕಾರ್ಡಿನ ಕಡೆಯ ತುದಿ ಎಲ್ಲ ಕಂಪನಿಗೂ ಒಂದೇ, ಎಸ್‌ಎಂಪಿಎಸ್ ಕಡೆಯ ತುದಿ ಕಂಪನಿಗೊಂದು ಥರ.

450 ವ್ಯಾಟ್ ಸಾಕೇ ಅನ್ನುವುದನ್ನು ಡಬ್ಬದ ಮೇಲಿನ ದೊಡ್ಡ ಅಂಕಿ ನೋಡಿ ಹೇಳಲಾಗದು. ಎಎಂಡಿ ಈ ಕಾರ್ಡಿಗೆ 550 ವ್ಯಾಟ್ ಸೂಚಿಸುತ್ತದೆ. ಕಳಪೆ ಎಸ್‌ಎಂಪಿಎಸ್ ಇದ್ದರೂ ನಡೆಯಲಿ ಅಂತ ಇಟ್ಟುಕೊಂಡ ಅಂತರ ಅದು. ಎಸ್‌ಎಂಪಿಎಸ್ ಪಕ್ಕದ ಲೇಬಲ್ಲಿನಲ್ಲಿ 12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಬರೆದಿದೆ ನೋಡಿ ಹೇಳಿ. 12ವಿ1, 12ವಿ2 ಅಂತ ಎರಡು ಸಾಲು ಇದ್ದರೆ ಎರಡನ್ನೂ ಕೂಡಿಸಬೇಡಿ. ಒಟ್ಟು ಮಿತಿ ಪಕ್ಕದಲ್ಲೇ ವ್ಯಾಟಿನಲ್ಲಿ ಬರೆದಿರುತ್ತದೆ, ಲೆಕ್ಕಕ್ಕೆ ಬರುವುದು ಅದೇ. ಕ್ಯಾಬಿನೆಟ್ ಜತೆ ಉಚಿತವಾಗಿ ಬರುವ ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ ದೊಡ್ಡಕ್ಷರದಲ್ಲಿ 500 ಇದ್ದು, 12 ವೋಲ್ಟಿನ ಸಾಲಿನಲ್ಲಿ 18 ಆಂಪಿಯರ್ ಇರುತ್ತದೆ. ಅದು 216 ವ್ಯಾಟ್ ಆಯಿತು, ಈ ಕಾರ್ಡಿಗೆ ಸಾಲದು.

ತುಂಗಾತೀರ:

ಬಿಚ್ಚಿ ನೋಡಿದೆ. ನೀವು ಹೇಳಿದ ಹಾಗೇ 6+2 ವೈರ್ ಒಂದು ಹಿಂದೆ ಮಡಚಿಟ್ಟಿತ್ತು. ಲೇಬಲ್ಲಿನಲ್ಲಿ 12 ವೋಲ್ಟಿಗೆ ಒಂದೇ ಸಾಲು, 35 ಆಂಪಿಯರ್, 420 ವ್ಯಾಟ್. 80 ಪ್ಲಸ್ ಬ್ರಾಂಜ್.

ಬೆಸುಗೆಕಡ್ಡಿ:

ಹಾಗಾದರೆ ಚಿಂತೆ ಇಲ್ಲ. ಕಾರ್ಡಿಗೆ 165, 9400ಎಫ್‌ಗೆ ಸುಮಾರು 70, ಬೋರ್ಡ್, ರ್‍ಯಾಮ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲ ಸೇರಿ 40 ಅಂತಿಟ್ಟುಕೊಳ್ಳಿ. 275 ವ್ಯಾಟ್. 420ರಲ್ಲಿ ಆರಾಮಾಗಿ ನಡೆಯುತ್ತದೆ.

ಕ್ಯಾಬಿನೆಟ್ ಬಿಚ್ಚಿದ್ದೀರಿ ಅಂದಮೇಲೆ ಇನ್ನೊಂದು ಅಳತೆ ತೆಗೆದುಕೊಳ್ಳಿ: ಹಿಂದಿನ ತಗಡಿನಿಂದ ಮುಂದಿನ ಫ್ಯಾನ್‌ವರೆಗೆ ಎಷ್ಟು ಜಾಗ ಇದೆ? ಎರಡು ಫ್ಯಾನಿನ 7600ಗಳು ಸಾಮಾನ್ಯವಾಗಿ 20ರಿಂದ 25 ಸೆಂಟಿಮೀಟರ್ ಉದ್ದ. ಅಗಲವನ್ನೂ ನೋಡಿ. ಪವರ್ ವೈರ್ ಕಾರ್ಡಿನ ಮೇಲಂಚಿನಿಂದ ಹೊರಗೆ ಬಂದು ಬಾಗಬೇಕು, ಅದಕ್ಕೆ ಮೂರು ಸೆಂಟಿಮೀಟರಾದರೂ ಬೇಕು. ಗಾಜಿನ ಬಾಗಿಲು ವೈರನ್ನು ಒತ್ತುತ್ತಿದ್ದರೆ ಕನೆಕ್ಟರ್ ಓರೆಯಾಗಿ ಒಂದು ಬದಿಯ ಪಿನ್ನುಗಳು ಸಡಿಲವಾಗುತ್ತವೆ.

ಮಾನಿಟರ್ ಬಗ್ಗೆ: 7600ರಲ್ಲಿ ಡಿವಿಐ ಇರುವುದಿಲ್ಲ, ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್ ಮಾತ್ರ. ಒಂದು ತುದಿ ಎಚ್‌ಡಿಎಂಐ, ಇನ್ನೊಂದು ತುದಿ ಡಿವಿಐ ಇರುವ ಸಾದಾ ಕೇಬಲ್ ತನ್ನಿ, 1080ಕ್ಕೆ 60 ಹರ್ಟ್ಜ್‌ನಲ್ಲಿ ಏನೂ ತೊಂದರೆ ಇಲ್ಲ. ವಿಜಿಎ ಮಾತ್ರ ಇರುವ ಮಾನಿಟರಾದರೆ ಸಾದಾ ಕೇಬಲ್ ನಡೆಯುವುದಿಲ್ಲ, ಒಳಗೆ ಚಿಪ್ ಇರುವ ಕನ್ವರ್ಟರೇ ಬೇಕು.

ಮೂರುಪಿನ್ನು:

ಡ್ರೈವರ್ ಪ್ರಶ್ನೆಗೆ ನಾನು ಹೇಳ್ತೀನಿ. ಡ್ರೈವರ್ ಇಲ್ಲದಿದ್ರೆ ಪರದೆ ಕಪ್ಪಾಗುತ್ತೆ ಅನ್ನೋದು ತಪ್ಪು ತಿಳಿವಳಿಕೆ. ಕಾರ್ಡಿನ ಒಳಗೇ ಒಂದು ಬಯಾಸ್ ಇರುತ್ತೆ, ಮದರ್‌ಬೋರ್ಡ್ ಆನ್ ಆದ ಕೂಡಲೇ ಚಿತ್ರ ತೋರಿಸೋದು ಅದೇ. ವಿಂಡೋಸ್ ಬಂದಮೇಲೆ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅನ್ನೋ ಸಾಮಾನ್ಯ ಡ್ರೈವರ್ ಕೈಗೆತ್ತಿಕೊಳ್ಳುತ್ತೆ. ಅಕ್ಷರ ದೊಡ್ಡದಾಗಿ ಕಾಣಬಹುದು, ಕಿಟಕಿ ಎಳೆದರೆ ಜಗ್ಗಿ ಜಗ್ಗಿ ಬರುತ್ತೆ, ಆದ್ರೆ ಕೆಲಸ ಮಾಡೋದಕ್ಕೆ ಸಾಕು. ಎಎಂಡಿ ಡ್ರೈವರನ್ನ ಮೊದಲೇ ಹಾಕೋಕೆ ಆಗಲ್ಲ. ಇನ್‌ಸ್ಟಾಲರ್ ಯಂತ್ರದಲ್ಲಿ ಎಎಂಡಿ ಕಾರ್ಡ್ ಹುಡುಕುತ್ತೆ, ಸಿಗದಿದ್ರೆ ಅಲ್ಲೇ ನಿಲ್ಲುತ್ತೆ. ಡೌನ್‌ಲೋಡ್ ಮಾತ್ರ ಮೊದಲೇ ಮಾಡಿಟ್ಕೊಳ್ಳಿ. ಎಎಂಡಿ ಸೈಟಲ್ಲಿ ಎರಡು ಥರ ಫೈಲ್ ಇದೆ. ಚಿಕ್ಕದು ಆಟೋ ಡಿಟೆಕ್ಟ್, ಅದು ಓಡುವಾಗ ಇಂಟರ್ನೆಟ್ ಬೇಕು. ನಿಮಗೆ ಬೇಕಾಗಿರೋದು ಆರ್‌ಎಕ್ಸ್ 7600 ಪುಟದಲ್ಲಿರೋ ಪೂರ್ತಿ ಪ್ಯಾಕೇಜ್.

ಡ್ರೈವರ್ ಹಾಕಿ ಮುಗಿಯೋವರೆಗೆ ಇಂಟರ್ನೆಟ್ ಬಿಡಿಸಿಡಿ. ಯಾಕೆ ಅಂದ್ರೆ, ವಿಂಡೋಸ್ ಅಪ್‌ಡೇಟ್ ಹೊಸ ಕಾರ್ಡ್ ಕಂಡ ತಕ್ಷಣ ತನ್ನ ಹತ್ತಿರ ಇರೋ ಹಳೆ ಆವೃತ್ತಿಯ ಡ್ರೈವರ್ ತಂದು ಹಿಂದಿನಿಂದ ಹಾಕೋಕೆ ಶುರು ಮಾಡುತ್ತೆ. ಅದೇ ಹೊತ್ತಿಗೆ ನೀವೂ ಇನ್‌ಸ್ಟಾಲರ್ ಓಡಿಸಿದ್ರೆ ಎರಡೂ ಒಂದೇ ಫೈಲುಗಳ ಮೇಲೆ ಬೀಳ್ತವೆ. ಆಮೇಲೆ ಅಡ್ರಿನಲಿನ್ (ಡ್ರೈವರ್ ಜತೆ ಬರೋ ಎಎಂಡಿ ಸಾಫ್ಟ್‌ವೇರ್) ತೆರೆದಾಗ ಡ್ರೈವರ್ ಮತ್ತು ಸಾಫ್ಟ್‌ವೇರ್ ಆವೃತ್ತಿ ಹೊಂದ್ತಾ ಇಲ್ಲ ಅನ್ನೋ ಸಂದೇಶ ಬರೋದು ಇದರಿಂದಲೇ.

ಡಿಡಿಯು ಬೇಕೇ? ಎನ್ವಿಡಿಯಾದಿಂದ ಎನ್ವಿಡಿಯಾಗೆ ಹೋಗ್ತಿದ್ರೆ ಬೇಡ, ಇನ್‌ಸ್ಟಾಲರಲ್ಲೇ ಕ್ಲೀನ್ ಇನ್‌ಸ್ಟಾಲೇಶನ್ ಆಯ್ಕೆ ಇದೆ. ಕಂಪನಿ ಬದಲಾಗ್ತಿದ್ರೆ ಬಳಸಿ. ಹಳೆ ಡ್ರೈವರ್ ಉಳಿದ್ರೂ ಎಎಂಡಿ ಓಡುತ್ತೆ ನಿಜ. ಆದ್ರೆ ಎನ್ವಿಡಿಯಾದ ಸರ್ವಿಸ್‌ಗಳು, ಆಡಿಯೋ ಡ್ರೈವರ್, ಓವರ್‌ಲೇ ಎಲ್ಲ ಹಿಂದೆ ಕೂತಿರ್ತವೆ. ಮುಂದೆ ಏನಾದ್ರೂ ಕೆಟ್ರೆ ಯಾರದ್ದು ತಪ್ಪು ಅಂತ ಹಿಡಿಯೋದು ಕಷ್ಟ.

ಡಿಡಿಯು ಓಡಿಸೋದು ಸೇಫ್ ಮೋಡಲ್ಲಿ, ಅಂದ್ರೆ ತೀರಾ ಅಗತ್ಯದ್ದು ಮಾತ್ರ ಓಡೋ ವಿಂಡೋಸಲ್ಲಿ. ಅಲ್ಲಿಗೆ ಹೋಗೋ ಮುಂಚೆ ಎರಡು ವಿಷಯ ಕಡ್ಡಾಯವಾಗಿ ನೋಡಿ. ಒಂದು, ಮೈಕ್ರೋಸಾಫ್ಟ್ ಅಕೌಂಟಿನ ಪಾಸ್‌ವರ್ಡ್ ನೆನಪಿದೆಯಾ? ದಿನಾ ನಾಲ್ಕಂಕಿ ಪಿನ್ ಒತ್ತಿ ಒಳಗೆ ಹೋಗೋರಿಗೆ ಪಾಸ್‌ವರ್ಡ್ ಮರೆತೇ ಹೋಗಿರುತ್ತೆ. ಸೇಫ್ ಮೋಡಲ್ಲಿ ಎಷ್ಟೋ ಸಲ ಪಿನ್ ಕೆಲಸ ಮಾಡಲ್ಲ. ಎರಡು, ಡಿಸ್ಕಿಗೆ ಬೀಗ ಹಾಕೋ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದೆಯಾ? ಇದ್ರೆ 48 ಅಂಕಿಯ ರಿಕವರಿ ಕೀ ಹಾಳೆ ಮೇಲೆ ಬರೆದಿಟ್ಕೊಳ್ಳಿ. ಸೆಕ್ಯೂರ್ ಬೂಟ್ ಆಫ್ ಇರೋ ಯಂತ್ರದಲ್ಲಿ ಕಾರ್ಡ್ ಬದಲಾಯಿಸಿದ್ದಕ್ಕೇ ಕೀ ಕೇಳಬಹುದು, ಯಾಕಂದ್ರೆ ಕಾರ್ಡಿನ ಬಯಾಸೂ ಆ ಪರಿಶೀಲನೆಯ ಲೆಕ್ಕಕ್ಕೆ ಸೇರುತ್ತೆ.

ಇಷ್ಟಾದ ಮೇಲೆ ಲ್ಯಾನ್ ಕೇಬಲ್ ಕಿತ್ತಿಡಿ, ವೈಫೈ ಆಫ್ ಮಾಡಿ. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ಮತ್ತೆ ರೀಸ್ಟಾರ್ಟ್, ಆಮೇಲೆ 4. ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡೋ ದಾರಿ ಬೇಡ. ಪಾಸ್‌ವರ್ಡ್ ಸಿಗದಿದ್ರೆ ಪ್ರತಿ ಸಲ ಸೇಫ್ ಮೋಡಿಗೇ ಹೋಗಿ ನಿಲ್ಲುತ್ತೆ, ಟಿಕ್ ತೆಗೆಯೋಕೆ ಒಳಗೆ ಹೋಗೋಕೇ ಆಗಲ್ಲ. ಡಿಡಿಯು ತೆರೆದು ಜಿಪಿಯು, ಎನ್ವಿಡಿಯಾ ಆರಿಸಿ, ಕ್ಲೀನ್ ಅಂಡ್ ಷಟ್‌ಡೌನ್ ಒತ್ತಿ. ಕ್ಲೀನ್ ಅಂಡ್ ರೀಸ್ಟಾರ್ಟ್ ಅಲ್ಲ, ಷಟ್‌ಡೌನ್. ಹೊಸ ಕಾರ್ಡ್ ಹಾಕೋರಿಗಂತಲೇ ಇರೋ ಬಟನ್ ಅದು.

ಬೆಸುಗೆಕಡ್ಡಿ:

ಅಲ್ಲಿಂದ ಮುಂದೆ ಸ್ಕ್ರೂಡ್ರೈವರ್ ಕೆಲಸ. ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದಿದ್ದ ಚಾರ್ಜ್ ಇಳಿಯುತ್ತದೆ. ಕ್ಯಾಬಿನೆಟ್ಟನ್ನು ಮಲಗಿಸಿ. ಮೈಯಲ್ಲಿನ ಸ್ಥಿರ ವಿದ್ಯುತ್ ಇಳಿಯಲು ಬಣ್ಣ ಇಲ್ಲದ ಕಬ್ಬಿಣದ ಭಾಗವನ್ನು ಒಮ್ಮೆ ಮುಟ್ಟಿ. ಮಾನಿಟರ್ ಕೇಬಲ್ ಬಿಚ್ಚಿ, ಹಿಂದಿನ ತಗಡಿನ ಸ್ಕ್ರೂ ತೆಗೆಯಿರಿ.

ಹೆಚ್ಚಿನವರು ಎಡವುವುದು ಸ್ಲಾಟಿನ ತುದಿಯ ಲಾಚ್‌ನಲ್ಲಿ. ಕಾರ್ಡಿನ ಒಳತುದಿಯ ಕೆಳಗೆ, ಕಣ್ಣಿಗೆ ಕಾಣದ ಜಾಗದಲ್ಲಿ, ಉಗುರಿನಷ್ಟು ಪ್ಲಾಸ್ಟಿಕ್ ಕೊಕ್ಕೆ ಇರುತ್ತದೆ. ಕೆಲವು ಬೋರ್ಡಿನಲ್ಲಿ ಕೆಳಕ್ಕೆ ಒತ್ತಬೇಕು, ಕೆಲವದರಲ್ಲಿ ಪಕ್ಕಕ್ಕೆ ತಳ್ಳಬೇಕು. ಹಳೆ ಕಾರ್ಡ್ ಚಿಕ್ಕದಾದ್ದರಿಂದ ನಿಮಗೆ ಬೆರಳು ಹೋಗುತ್ತದೆ. ಹೋಗದಿದ್ದರೆ ಮರದ ಸ್ಕೇಲಿನ ತುದಿ ಬಳಸಿ, ಸ್ಕ್ರೂಡ್ರೈವರ್ ಬೇಡ. ಅದು ಜಾರಿದರೆ ಬೋರ್ಡಿನ ಮೇಲಿನ ಕೂದಲೆಳೆಯಂಥ ಗೆರೆಗಳು ಕತ್ತರಿಸಿಹೋಗುತ್ತವೆ. ಕೊಕ್ಕೆ ಬಿಟ್ಟಿದೆ ಅಂತ ಖಾತ್ರಿಯಾದ ಮೇಲೆ ಕಾರ್ಡನ್ನು ಎರಡೂ ತುದಿ ಹಿಡಿದು ನೇರ ಮೇಲಕ್ಕೆ ಎತ್ತಿ.

7600 ಎರಡು ಸ್ಲಾಟ್ ದಪ್ಪ. ಹಿಂದಿನ ತಗಡಿನ ಇನ್ನೊಂದು ಮುಚ್ಚಳವನ್ನೂ ತೆಗೆಯಬೇಕಾದೀತು. ಪ್ರೊಸೆಸರಿಗೆ ಹತ್ತಿರದ ಉದ್ದ ಸ್ಲಾಟಿಗೇ ಹಾಕಿ. ಕೆಳಗಿನದು ಉದ್ದವಿದ್ದರೂ ಒಳಗೆ ಸಾಮಾನ್ಯವಾಗಿ ನಾಲ್ಕೇ ಲೇನ್ (ಡೇಟಾ ಓಡಾಡುವ ದಾರಿ) ಇರುತ್ತವೆ. ಕೊಕ್ಕೆ ಟಕ್ ಅನ್ನುವವರೆಗೆ ಒತ್ತಿ. ಪಕ್ಕದಿಂದ ಬಗ್ಗಿ ನೋಡಿದರೆ ಚಿನ್ನದ ಬಣ್ಣದ ಹಲ್ಲುಗಳ ಅಂಚು ಉದ್ದಕ್ಕೂ ಒಂದೇ ಸಮ ಇರಬೇಕು. ಹಿಂದಿನ ತುದಿ ಸ್ಕ್ರೂ ಬಿಗಿತಕ್ಕೆ ಕೂತು, ಒಳತುದಿ ಒಂದು ಮಿಲಿಮೀಟರ್ ಎದ್ದಿದ್ದರೂ ತೊಂದರೆ. 6+2 ವೈರಿನ ಎರಡು ತುಂಡುಗಳನ್ನು ಒಟ್ಟಿಗೆ ಹಿಡಿದು, ಒಂದೇ ಒತ್ತಿಗೆ ಕ್ಲಿಪ್ ಕೂರುವ ಹಾಗೆ ಹಾಕಿ. ಮಾನಿಟರ್ ಕೇಬಲ್ ಕಾರ್ಡಿಗೇ. ಮದರ್‌ಬೋರ್ಡಿನ ಎಚ್‌ಡಿಎಂಐ ನಿಮ್ಮ 9400ಎಫ್ ಜತೆ ಸತ್ತ ತೂತು, ಅಲ್ಲಿ ಏನು ಹಾಕಿದರೂ ಚಿತ್ರ ಬಾರದು.

ಆನ್ ಮಾಡಿದಾಗ ಫ್ಯಾನ್ ಒಂದು ಸುತ್ತು ತಿರುಗಿ ಚಿತ್ರ ಬರದಿದ್ದರೆ ಗಾಬರಿ ಬೇಡ. ಕ್ರಮವಾಗಿ ನೋಡಿ: 8 ಪಿನ್ ಪೂರ್ತಿ ಕೂತಿದೆಯೇ, ಕಾರ್ಡ್ ಓರೆಯೇ, ಮಾನಿಟರಿನ ಇನ್‌ಪುಟ್ ಸರಿಯೇ, ಕಾರ್ಡಿನ ಇನ್ನೊಂದು ಪೋರ್ಟಿನಲ್ಲಿ ಬರುತ್ತದೆಯೇ. ಇಷ್ಟಕ್ಕೂ ಬರದಿದ್ದರೆ ಹಳೆ ಕಾರ್ಡ್ ಮತ್ತೆ ಹಾಕಿ. ಅದರಲ್ಲಿ ಚಿತ್ರ ಬಂದರೆ ಮದರ್‌ಬೋರ್ಡಿನ ಬಯಾಸ್ ಅಪ್‌ಡೇಟ್ ಮಾಡಿ, ಹೊಸದನ್ನು ಇನ್ನೊಮ್ಮೆ ನೋಡಿ. ಒಳಗಿನ ಗ್ರಾಫಿಕ್ಸ್ ಇಲ್ಲದ ಯಂತ್ರದಲ್ಲಿ ಪರೀಕ್ಷೆಗೆ ಇರುವುದು ಆ 1050 ಟಿಐ ಒಂದೇ, ಹೊಸದು ಒಂದು ವಾರ ಸರಿಯಾಗಿ ಓಡುವವರೆಗೆ ಅದನ್ನು ಮಾರಬೇಡಿ, ಯಾರಿಗೂ ಕೊಡಬೇಡಿ. ಕೊಡುವಾಗ ಒಂದು ಮಾತು ತಿಳಿಸಿ: ಆ ಪೀಳಿಗೆಗೆ ಗೇಮ್ ರೆಡಿ ಡ್ರೈವರ್ 2025ರ ಅಕ್ಟೋಬರಿಗೆ ಮುಗಿದಿದೆ, 2028ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಮಾತ್ರ ಬರುತ್ತದೆ. ತೆಗೆದುಕೊಂಡವರು 580 ಸರಣಿಯ ಡ್ರೈವರ್ ಹಾಕಿಕೊಳ್ಳಬೇಕು.

ಮೂರುಪಿನ್ನು:

ಬೆಸುಗೆಕಡ್ಡಿಯವರ ಮಾತಿಗೆ ಒಂದು ಸೇರಿಸ್ತೀನಿ. ಬಯಾಸ್ ಅಪ್‌ಡೇಟ್ ಮಾಡೋದಾದ್ರೆ ಬಿಟ್‌ಲಾಕರನ್ನ ಸಸ್ಪೆಂಡ್ ಮಾಡಿಯೇ ಮಾಡಿ. ಇಲ್ಲಾಂದ್ರೆ ಮುಂದಿನ ಬೂಟಿಗೆ ಕೀ ಕೇಳೋದು ಹೆಚ್ಚುಕಮ್ಮಿ ಖಂಡಿತ.

ಎಎಂಡಿ ಇನ್‌ಸ್ಟಾಲರ್ ಓಡುವಾಗ ಪರದೆ ಎರಡು ಮೂರು ಸಲ ಕಪ್ಪಾಗುತ್ತೆ, ಕೆಲವೊಮ್ಮೆ ಅರ್ಧ ನಿಮಿಷ. ಅದು ಡ್ರೈವರ್ ಬೇಸಿಕ್ ಅಡಾಪ್ಟರಿನಿಂದ ಕಾರ್ಡನ್ನ ತನ್ನ ಕೈಗೆ ತಗೊಳ್ಳೋ ಹೊತ್ತು. ಆಗ ರೀಸೆಟ್ ಒತ್ತಿದವರೇ ಆಮೇಲೆ ಡಿವೈಸ್ ಮ್ಯಾನೇಜರಲ್ಲಿ ಹಳದಿ ತ್ರಿಕೋನ ನೋಡ್ತಾರೆ. ಐದು ನಿಮಿಷ ಕಾಯಿರಿ. ಮುಗಿದ ಮೇಲೆ ಒಂದು ರೀಸ್ಟಾರ್ಟ್ ಕೊಟ್ಟು, ಆಮೇಲೆ ಲ್ಯಾನ್ ಹಾಕಿ.

ಕರ್ನಲ್‌ಕಟ್ಟೆ:

ಉಬುಂಟು ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ ಎಎಂಡಿಗೆ ಡ್ರೈವರ್ ಡೌನ್‌ಲೋಡ್ ಮಾಡುವ ಮಾತೇ ಇಲ್ಲ. ಎಎಂಡಿಜಿಪಿಯು ಡ್ರೈವರ್ ಉಬುಂಟುವಿನ ತಿರುಳಾದ ಕರ್ನಲ್ ಒಳಗೇ ಇದೆ, ಗ್ರಾಫಿಕ್ಸ್ ಲೈಬ್ರರಿಯಾದ ಮೆಸಾ ಜತೆಗೇ ಬರುತ್ತದೆ. 24.04ರ ಮೊದಲ ಕರ್ನಲ್ 6.8, ಅದೇ ಈ ಕಾರ್ಡಿಗೆ ಸಾಕು. 22.04ರ ಮೊದಲ 5.15 ಕರ್ನಲ್ ಇಟ್ಟುಕೊಂಡಿರುವವರು ಮೊದಲು ಎಚ್‌ಡಬ್ಲ್ಯೂಇ ಕರ್ನಲ್‌ಗೆ (ಹೊಸ ಹಾರ್ಡ್‌ವೇರಿಗೆಂದು ಉಬುಂಟು ಕೊಡುವ ಹೊಸ ಕರ್ನಲ್) ಬರಬೇಕು.

ಸಮಸ್ಯೆ ಆಗುವುದು ಬಿಟ್ಟುಹೋದ ಎನ್ವಿಡಿಯಾದಿಂದ. ಕಾರ್ಡ್ ತೆಗೆಯುವ ಮುಂಚೆಯೇ ಉಬುಂಟುಗೆ ಬೂಟ್ ಮಾಡಿ, ಎನ್ವಿಡಿಯಾ ಹೆಸರಿನ ಪ್ಯಾಕೇಜುಗಳನ್ನೆಲ್ಲ ಪರ್ಜ್ ಮಾಡಿ (ಸೆಟ್ಟಿಂಗ್ ಸಮೇತ ಅಳಿಸಿ). ರಿಮೂವ್ ಮಾಡಿದರೆ ಕಾನ್ಫಿಗ್ ಫೈಲುಗಳು ಉಳಿಯುತ್ತವೆ. ಹಿಂದೆ ಎಂದಾದರೂ ಎನ್ವಿಡಿಯಾ ಸೆಟ್ಟಿಂಗ್ಸ್‌ನಿಂದ ಎಕ್ಸ್ (ಪರದೆಗೆ ಚಿತ್ರ ತರುವ ಸಾಫ್ಟ್‌ವೇರ್) ಕಾನ್ಫಿಗರೇಶನ್ ಸೇವ್ ಮಾಡಿದ್ದರೆ, ಇಟಿಸಿ ಫೋಲ್ಡರಿನ ಎಕ್ಸ್11 ಒಳಗೆ ಕ್ಸಾರ್ಗ್ ಕಾನ್ಫ್ ಫೈಲ್ ಕೂತಿರುತ್ತದೆ. ಅದರಲ್ಲಿ ಡ್ರೈವರ್ ಎನ್ವಿಡಿಯಾ ಅಂತ ಬರೆದಿರುತ್ತದೆ. ಎಎಂಡಿ ಕಾರ್ಡ್ ಹಾಕಿದ ಮೇಲೂ ಎಕ್ಸ್ ಅದನ್ನೇ ಹುಡುಕಿ, ಸಿಗದೆ, ಲಾಗಿನ್ ಪರದೆಯೇ ಬಾರದೆ ಉಳಿಯುತ್ತದೆ. ಆ ಫೈಲಿನ ಹೆಸರು ಬದಲಿಸಿಡಿ. ಮರೆತು ಕಾರ್ಡ್ ಹಾಕಿಬಿಟ್ಟಿದ್ದರೂ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಅಕ್ಷರದ ಕನ್ಸೋಲಿನಲ್ಲಿ ಇದೇ ಕೆಲಸ ಮಾಡಬಹುದು, ಮತ್ತೆ ಇನ್‌ಸ್ಟಾಲ್ ಮಾಡಬೇಕಿಲ್ಲ.

ತುಂಗಾತೀರ:

ಎಲ್ಲ ಮುಗಿಯಿತು, ಎರಡೂ ಓಎಸ್ ಓಡುತ್ತಿವೆ. ನಿಮಗೆಲ್ಲ ತುಂಬ ಧನ್ಯವಾದ. ಉಳಿದಿರುವುದು ಮೂರು ಅನುಮಾನ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್‌ನಲ್ಲಿ ಬಸ್ ಇಂಟರ್‌ಫೇಸ್ 8 ಲೇನ್, 1.1 ಅಂತ ತೋರಿಸುತ್ತಿದೆ. ಡೆಸ್ಕ್‌ಟಾಪಿನಲ್ಲಿ ಇರುವಾಗ ಎರಡೂ ಫ್ಯಾನ್ ನಿಂತೇ ಇರುತ್ತವೆ. ಗೇಮ್ ಶುರುವಾದರೆ 600 ವಿಎ ಯುಪಿಎಸ್ ಕೂಗುತ್ತದೆ.

ಮೂರುಪಿನ್ನು:

ಮೊದಲಿನ ಎರಡೂ ದೋಷ ಅಲ್ಲ. ಕೆಲಸ ಇಲ್ಲದಾಗ ಕರೆಂಟ್ ಉಳಿಸೋಕೆ ಲಿಂಕ್ ವೇಗ 1.1ಕ್ಕೆ ಇಳಿಯುತ್ತೆ. ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಓಡಿಸಿ, 3.0ಗೆ ಏರಬೇಕು. 7600ರ ಸ್ಲಾಟ್ ಉದ್ದ 16 ಲೇನಿನದಾದ್ರೂ ಒಳಗಿರೋದು 8 ಲೇನೇ. ನಿಮ್ಮ ಪ್ರೊಸೆಸರ್ ಪಿಸಿಐಇ (ಕಾರ್ಡಿನ ಸ್ಲಾಟಿನ ಸಂಪರ್ಕ) 3.0 ಆದ್ದರಿಂದ 8 ಲೇನ್, 3.0 ಕಂಡ್ರೆ ಅದೇ ಪೂರ್ತಿ ವೇಗ. 4 ಅಥವಾ 1 ಅಂತ ಕಂಡಿದ್ರೆ ಕಾರ್ಡ್ ಸರಿಯಾಗಿ ಕೂತಿಲ್ಲ ಅಂತ ಹೇಳ್ತಿದ್ದೆ. ಒಂದು ನೆನಪಿಡಿ, ಗೇಮಿನ ಟೆಕ್ಸ್ಚರ್ ಸೆಟ್ಟಿಂಗನ್ನ ಕಾರ್ಡಿನ 8 ಜಿಬಿ ಮೆಮೊರಿ ಮೀರೋ ಹಾಗೆ ಇಡಬೇಡಿ. ಮೀರಿದ್ದು ಈ 8 ಲೇನಲ್ಲೇ ರ್‍ಯಾಮಿಗೆ ಓಡಾಡಬೇಕು, 3.0 ಬೋರ್ಡಲ್ಲಿ ಆ ತಡವರಿಕೆ ಚೆನ್ನಾಗಿ ಗೊತ್ತಾಗುತ್ತೆ.

ಫ್ಯಾನ್ ನಿಲ್ಲೋದು ಝೀರೋ ಆರ್‌ಪಿಎಂ ಸೌಲಭ್ಯ. ಗೇಮ್ ಹತ್ತು ನಿಮಿಷ ಓಡಿದ ಮೇಲೆ ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗದ ತಾಪ) ಎಷ್ಟಿದೆ ನೋಡಿ. ಮಿತಿ 110 ಡಿಗ್ರಿ, 95ರ ಒಳಗಿದ್ರೆ ನೆಮ್ಮದಿ.

ಬೆಸುಗೆಕಡ್ಡಿ:

ಯುಪಿಎಸ್ ಕೂಗುವುದಕ್ಕೆ ಕಾರಣ ಇದೆ. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ಒಳಗಿನ 275 ವ್ಯಾಟಿಗೆ ಎಸ್‌ಎಂಪಿಎಸ್ ಗೋಡೆಯಿಂದ ಸುಮಾರು 325 ಎಳೆಯುತ್ತದೆ, ಮಾನಿಟರ್ 25 ಸೇರಿದರೆ 350. ಅಂಚಿನಲ್ಲೇ ಇದ್ದೀರಿ. ಗೇಮಿನಲ್ಲಿ ಕಾರ್ಡ್ ಕ್ಷಣಕಾಲ 165 ದಾಟಿ ಎಗರುತ್ತದೆ, ಆಗ ಓವರ್‌ಲೋಡ್ ಕೂಗು. ಕರೆಂಟ್ ಹೋದರೆ ಈ ಲೋಡಿನಲ್ಲಿ ಬ್ಯಾಟರಿಗೆ ಬದಲಾಗುವ ಬದಲು ಒಮ್ಮೆಲೇ ಆಫ್ ಆಗಬಹುದು, ವಿಂಡೋಸ್ ಅಪ್‌ಡೇಟ್ ನಡುವೆ ಹಾಗಾದರೆ ಕಷ್ಟ.

ಹೊಸ ಯುಪಿಎಸ್ ಕೊಳ್ಳುವ ಮುಂಚೆ ಖರ್ಚಿಲ್ಲದ ದಾರಿ ಇದೆ. ನಿಮ್ಮ ಮಾನಿಟರ್ 60 ಹರ್ಟ್ಜ್, ಗೇಮ್ 140 ಫ್ರೇಮ್ ಕೊಟ್ಟರೂ ಕಾಣುವುದು 60. ಅಡ್ರಿನಲಿನ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ಫ್ರೇಮ್ ರೇಟ್ ಟಾರ್ಗೆಟ್ ಕಂಟ್ರೋಲ್ ಆನ್ ಮಾಡಿ 60 ಇಡಿ, ಅಥವಾ ಗೇಮಿನ ಒಳಗೇ ಮಿತಿ ಹಾಕಿ. ಭಾರಿ ಗೇಮ್ ಬಿಟ್ಟು ಉಳಿದವುಗಳಲ್ಲಿ ಕಾರ್ಡ್ ಎಳೆಯುವುದು ಎದ್ದು ಕಾಣುವಷ್ಟು ಇಳಿಯುತ್ತದೆ, ಫ್ಯಾನ್ ಸದ್ದೂ ಇಳಿಯುತ್ತದೆ. ಆಮೇಲೂ ಕೂಗಿದರೆ 1000 ವಿಎ ತನ್ನಿ, ವ್ಯಾಟ್ 600 ಅಂತ ಬರೆದಿರುವುದನ್ನೇ ನೋಡಿ ತನ್ನಿ.

ತುಂಗಾತೀರ:

ರೆಂಡರ್ ಟೆಸ್ಟಿನಲ್ಲಿ 8 ಲೇನ್, 3.0 ಬಂತು. 60ಕ್ಕೆ ಮಿತಿ ಹಾಕಿದ ಮೇಲೆ ಒಂದು ಗಂಟೆ ಓಡಿಸಿದೆ, ಹಾಟ್‌ಸ್ಪಾಟ್ 81, ಯುಪಿಎಸ್ ಕೂಗಲಿಲ್ಲ. 1050 ಟಿಐ ಇನ್ನೊಂದು ವಾರ ಬೀರುವಿನಲ್ಲೇ ಇರುತ್ತದೆ.